ಅರವತ್ತಾರು ಡಿಗ್ರಿ

"ಹಾಳು ಮಾಡಿಟ್ಟೆಯಲ್ಲೋ ನನ್ನ ಪಾತ್ರೇನ!"

ಕ್ಲಿಫರ್ಡನ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಹೆಡ್ಲಿ ಇನ್ನೂ ಹಿತ್ತಲ ಗೇಟು ದಾಟಿರಲಿಲ್ಲ.

ಯಾರ್ಕ್‌ಶೈರಿನ ಕಲ್ಲಿದ್ದಲ ಗಣಿಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ಹೆಡ್ಲಿ. ಗಣಿ ಮುಚ್ಚಿದ ಮೇಲೆ, ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರ ಪಾತ್ರೆಗಳಿಗೆ ತೂತು ಕೊರೆದು ನಲ್ಲಿ, ಥರ್ಮಾಮೀಟರ್ ಕೂರಿಸಿ ಕೊಡುತ್ತಿದ್ದ. ಅವನು ಬಿಗಿದ ನಲ್ಲಿ ಒಂದು ಹನಿ ಸೋರಿದ್ದಿಲ್ಲ. ಈಸ್ಟರ್ ಹೊತ್ತಿಗೆ ಕ್ಲಿಫರ್ಡನ ಪಾತ್ರೆಗೂ ಅವನೇ ಕೂರಿಸಿದ್ದ.

"ಏನಾಯ್ತೀಗ? ನಲ್ಲಿ ಸೋರ್ತಿದೆಯಾ?"

"ಥರ್ಮಾಮೀಟರು! ಮೂರು ಸಲ ಮಾಡಿದೀನಿ, ಮೂರು ಸಲಾನೂ ಸಪ್ಪೆ!"

ಅಡುಗೆಮನೆಯ ಮೆಟ್ಟಿಲ ಮೇಲೆ ಕ್ಲಿಫರ್ಡನ ಹೆಂಡತಿ ಮಾವಿಸ್ ಗ್ಲಾಸು ಹಿಡಿದು ನಿಂತಿದ್ದಳು. "ಇದು ಬಿಯರೋ ಬಾರ್ಲಿ ಗಂಜಿಯೋ, ನೀನೇ ಹೇಳು. ಮುಳ್ಳು ಅರವತ್ತಾರು ಬಿಟ್ಟು ಅಲ್ಲಾಡಿಲ್ಲ. ನಾನೇ ಪಕ್ಕದಲ್ಲಿ ಕೂತು ಕಾದಿದೀನಿ."

ಮೊಳಕೆ ಬಾರ್ಲಿಯ ನುಚ್ಚು ಅರವತ್ತಾರು ಡಿಗ್ರಿಯಲ್ಲಿ ನೆನೆಯಬೇಕು. ಬಿಸಿ ಅದಕ್ಕಿಂತ ಬಹಳ ಏರಿದರೆ ಬಿಯರ್ ಬಿಯರಿನಂತೆಯೇ ಇರುತ್ತದೆ, ಅಮಲು ಮಾತ್ರ ಇಳಿದುಹೋಗುತ್ತದೆ.

ಹೆಡ್ಲಿ ಶೆಡ್ಡಿನಲ್ಲಿದ್ದ ಪಾತ್ರೆಯಿಂದ ಥರ್ಮಾಮೀಟರ್ ಬಿಚ್ಚಿ ತಂದು, ಅದರ ಕಡ್ಡಿಯನ್ನು ಕೆಟಲಿನ ಕುದಿಯುವ ನೀರಿಗೆ ಇಳಿಸಿದ. ಮುಳ್ಳು ನೂರಕ್ಕೆ ಬದಲು ತೊಂಬತ್ತೊಂದಕ್ಕೆ ನಿಂತುಬಿಟ್ಟಿತು. ಒಂಬತ್ತು ಡಿಗ್ರಿ ಸುಳ್ಳು: ಅದು ಅರವತ್ತಾರು ತೋರಿಸುವಾಗ ನುಚ್ಚು ಎಪ್ಪತ್ತೈದರಲ್ಲಿ ಬೇಯುತ್ತಿತ್ತು.

"ನೋಡಿದ್ಯಾ!" ಕ್ಲಿಫರ್ಡ್ ಇಡೀ ಬೀದಿಗೆ ಕೇಳುವಂತೆ ಕಿರುಚಿದ. "ಗಣಿಗೆ ಬೀಗ ಬಿದ್ದಿದ್ದು ನಿನ್ನಂಥ ಫಿಟ್ಟರುಗಳಿಂದಾನೇ ಕಣೋ!"

ಹೆಡ್ಲಿಯ ಮುಷ್ಟಿಯಲ್ಲಿ ಸ್ಪ್ಯಾನರ್ ಬಿಗಿಯಾಯಿತು. ಆ ಗಣಿ ಉಳಿಯಲೆಂದು ಒಂದು ವರ್ಷ ಮುಷ್ಕರದಲ್ಲಿ ಹಸಿದವನು ಅವನು. ಕ್ಲಿಫರ್ಡನೂ ಅವನ ಪಕ್ಕದಲ್ಲೇ ಹಸಿದಿದ್ದ. ಬೇರೆ ಯಾರೇ ಈ ಮಾತಾಡಿದ್ದರೂ ಹಲ್ಲು ಉದುರಿಸುತ್ತಿದ್ದ.

ಅವನು ಥರ್ಮಾಮೀಟರನ್ನು ಮಗುಚಿ ನೋಡಿದ. ಮುಳ್ಳನ್ನು ಹೊಂದಿಸುವ ಪುಟ್ಟ ತಿರುಪು ಹಿಂಬದಿಯಲ್ಲಿತ್ತು. ಅದರ ಸುತ್ತ ಹೊಸ ಗೀರುಗಳು.

"ಇದು ಕೆಟ್ಟಿಲ್ಲ. ಯಾರೋ ಬೇಕಂತಲೇ ತಿರುಗಿಸಿದಾರೆ. ಮನೆಯವರದೇ ಕೈ."

ಹೇಳುತ್ತ ಮಾವಿಸಳನ್ನು ದಿಟ್ಟಿಸಿದ. ಆ ಮನೆಯ ಕಸದ ತೊಟ್ಟಿಯಿಂದ ವಾರವಾರವೂ ಹೊರಬೀಳುವ ಬಾಟಲಿಗಳನ್ನು ಬೀದಿಯೆಲ್ಲ ಎಣಿಸುತ್ತಿತ್ತು. ಕ್ಲಿಫರ್ಡ್ ಕುಡಿದೇ ಸಾಯುತ್ತಾನೆ ಎಂದು ಕ್ಲಬ್ಬಿನಲ್ಲಿ ಆಡಿಕೊಳ್ಳುತ್ತಿದ್ದರು. ಗಂಡನನ್ನು ಉಳಿಸಿಕೊಳ್ಳಲು ಹೆಂಡತಿ ತಿರುಪು ತಿರುಗಿಸಿದರೆ ತಪ್ಪೇನಿಲ್ಲ. ಅದಕ್ಕೆ ಹೆಡ್ಲಿಯ ಮರ್ಯಾದೆ ಯಾಕೆ ಬಲಿಯಾಗಬೇಕು?

"ನನ್ನ ಮುಖ ಯಾಕೆ ನೋಡ್ತೀಯ?" ಮಾವಿಸ್ ಸಿಡುಕಿದಳು. "ಸರಿ ಮಾಡಿ ತೊಲಗು!" ಒಳಗೆ ಹೋಗಿ ಬಾಗಿಲು ಬಡಿದುಕೊಂಡಳು.

ಮುಳ್ಳು ನೂರಕ್ಕೆ ಬರುವವರೆಗೂ ಹೆಡ್ಲಿ ತಿರುಪು ತಿರುಗಿಸಿದ. ಪಾತ್ರೆಯಿದ್ದ ಶೆಡ್ಡಿಗೆ ಧುಮುಗುಡುತ್ತ ನುಗ್ಗಿದ.

"ಇದೇ ಕೊನೆ, ಕ್ಲಿಫರ್ಡ್. ಇನ್ನು ದಾರೀಲಿ ಸಿಕ್ಕರೂ ನನ್ನ ಮಾತಾಡಿಸ್ಬೇಡ."

ಹಿಂದೆಯೇ ಬಂದ ಕ್ಲಿಫರ್ಡ್ ಶೆಡ್ಡಿನ ಬಾಗಿಲು ಮುಚ್ಚಿದ. ಹೆಡ್ಲಿಯ ಕೈಯಿಂದ ಥರ್ಮಾಮೀಟರ್ ತೆಗೆದುಕೊಂಡ. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ತಿರುಪನ್ನು ಮತ್ತೆ ಹಿಂದಕ್ಕೆ ತಿರುಗಿಸಿದ.

ಹೆಡ್ಲಿ ಅದನ್ನು ಕಸಿದುಕೊಳ್ಳಲು ಕೈ ಚಾಚಿದ.

"ಗಣಿ ವಿಷಯ ಎತ್ತಬಾರದಿತ್ತು. ತಪ್ಪಾಯ್ತು," ಕ್ಲಿಫರ್ಡ್ ಪಿಸುಗುಟ್ಟಿದ. "ಈಗ ನೀನೂ ಗಟ್ಟಿಯಾಗಿ ನಾಲ್ಕು ಮಾತು ಬೈದು ಹೋಗು, ಜಗಳ ನಿಜ ಅಂತ ಅವಳಿಗೆ ನಂಬಿಕೆ ಬರಬೇಕು. ಅನುಮಾನ ಬಂದ್ರೆ ಅಂಗಡಿಯಿಂದ ಜಿನ್ ತರ್ತಾಳೆ. ಇನ್ನು ಆರು ತಿಂಗಳು ಹೀಗೇ ಕುಡಿದ್ರೆ ಲಿವರ್ ನಿಂತುಹೋಗುತ್ತೆ ಅಂದಿದಾರೆ ಡಾಕ್ಟರು."

ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಹೇಳಿದ: "ನಾನು ಕುಡಿಯೋದು ಬಿಟ್ಟು ಎರಡು ವರ್ಷ ಆಯ್ತು, ಹೆಡ್ಲಿ. ಆ ಬಾಟಲಿಗಳೆಲ್ಲ ಮಾವಿಸಂದು."