ಇಷ್ರತಳ ಒಲೆ

ಆ ದಿನ ಬೆಳಿಗ್ಗೆ ಗಜೇಂದ್ರಗಡದ ಮೇಲೆ ದಟ್ಟ ಮಂಜು ಇಳಿದಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಾಗಿರಲಿ, ಎದುರು ಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ರೊಟ್ಟಿ ಕೇಂದ್ರದ ಒಳಗೆ ಮಾತ್ರ ಒಲೆಗಳು ನಿಗಿನಿಗಿ ಉರಿಯುತ್ತಿದ್ದವು. ಇಷ್ರತ ದಿನದ ಮೊದಲ ರೊಟ್ಟಿ ಬಡಿಯುತ್ತಿದ್ದಾಗ ಅವಳ ಬೆನ್ನ ಹಿಂದೆ ಹಿಟ್ಟು ನಾದುವ ಸ್ಟೀಲಿನ ದೊಡ್ಡ ಪರಾತವೊಂದು ಕಲ್ಲುನೆಲಕ್ಕೆ ಬಿತ್ತು.

ಇಷ್ರತ ತಿರುಗಲಿಲ್ಲ.

ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಲೆ ಎತ್ತಿದಳು. ಕೇಂದ್ರ ನಡೆಸುವ ಅನ್ನಪೂರ್ಣಕ್ಕ ಎದುರಿಗೆ ಬಂದು ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ಅಂಚು ನೆಗ್ಗಿದ ಪರಾತ ಅವಳ ಕೈಯಲ್ಲಿತ್ತು. ಅದು ತಾನಾಗಿ ಬಿದ್ದದ್ದಲ್ಲ ಎಂದು ಇಷ್ರತಳಿಗೆ ಹೊಳೆಯಿತು. ಯಾರೋ ಚಾಡಿ ಹೇಳಿದ್ದಾರೆ. ಅನುಮಾನ ಹುಟ್ಟಿದೆ.

ಅವಳ ಕಿವಿಯ ಸಂಗತಿ ಗೊತ್ತಾದರೆ ಅಂದೇ ಕೆಲಸ ಹೋಗುತ್ತಿತ್ತು. ಉರಿಯ ಮುಂದಿನ ಕೆಲಸ. ಕೇಂದ್ರದ ನಿಯಮವೂ ಬಿಗಿ. ಇಲ್ಲಿನ ಒಲೆ ತಪ್ಪಿದರೆ ಮನೆಯ ಒಲೆ ಆರುತ್ತದೆ. ಗಂಡ ಕಾಶೀಂಸಾಬ ಗೌಂಡಿ ಕೆಲಸ ಮಾಡುವಾಗ ಮಾಳಿಗೆಯಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಮಲಗಿದ್ದ. ಇಷ್ರತ ಊರೆಲ್ಲ ತಿರುಗಿ, ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಇಲ್ಲಿಗೆ ಬಂದದ್ದು. ಸೇರುವ ದಿನ ಮಾತಾಡಿದ್ದೆಲ್ಲ ಅತ್ತೆ ಹಸನಬಿ. ಇಷ್ರತ ಒಂದು ಸುಳ್ಳನ್ನೂ ಆಡಲಿಲ್ಲ. ಸುಮ್ಮನೆ ಕೂತಿದ್ದಳು, ಅಷ್ಟೆ. ಆದರೂ ಮೇಲೊಬ್ಬ ನೋಡುತ್ತಾನಲ್ಲ ಎಂಬುದು ನಮಾಜಿನಲ್ಲಿ ಸಿಜದಾಕ್ಕೆ ಹಣೆ ಊರಿದಾಗಲೆಲ್ಲ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು.

ಬೆಳಿಗ್ಗೆ ಹೊರಡುವಾಗ ಗಂಡ ಕೇಳಿದ್ದ. "ಅವರಿಗೇನರ ಅನುಮಾನ ಬಂದೈತೇನ?"

ಎದುರಿನವರ ತುಟಿಯನ್ನೇ ನೋಡುವುದು ಅವಳಿಗೆ ಈಗ ಮನೆಯಲ್ಲೂ ಬಿಡದ ಚಟ. ಅವನ ತುಟಿ ನೋಡುತ್ತಲೇ ಅಂದಿದ್ದಳು, "ಇಲ್ರಿ. ಹುಷಾರ ಅದೀನಿ."

"ನೀ ಹುಷಾರ ಖರೇ. ನಾನ ಮಂಚದ ಐದನೇ ಕಾಲ ಆಗೇನಿ."

"ಐದನೇ ಕಾಲಿಗೆ ಯಾರರ ಚಾ ಕುಡಸ್ತಾರನು? ಲಗೂ ಕುಡೀರಿ."

ಅವನು ನಕ್ಕಿದ್ದ. ನಗು ಮುಗಿಯುವ ಮೊದಲೇ ಗೋಡೆಯ ಕಡೆ ಹೊರಳಿದ್ದ.

ಅನ್ನಪೂರ್ಣಕ್ಕ ಪರಾತವನ್ನು ಮೂಲೆಗಿಟ್ಟು ಹೋದಳು. ಆ ಕೇಂದ್ರದಲ್ಲಿ ಹರಟೆಯ ರೂಢಿ ಇರಲಿಲ್ಲ. ಹೆಂಗಸರು ಸಾಲಾಗಿ ಕೂತು ಬಡಿಯುತ್ತಿದ್ದರು. ಊಟದ ಹೊತ್ತಾದರೆ ಗೋಡೆಯ ಮೇಲೆ ಕೆಂಪು ದೀಪ ಹತ್ತುತ್ತಿತ್ತು, ಎಲ್ಲರೂ ಏಳುತ್ತಿದ್ದರು.

ಅಂದು ದೀಪ ಹತ್ತುವ ಮೊದಲೇ ರಾಯಣ್ಣ ಬಂದ. ಅಂಗವಿಕಲರಿಗೆ ಪಿಂಚಣಿ, ಕೆಲಸ ಕೊಡಿಸಲು ಊರೂರು ಅಲೆಯುವ ಪುನರ್ವಸತಿ ಕಾರ್ಯಕರ್ತ. ಅವನದೂ ಒಂದು ಕಾಲು ಪೋಲಿಯೊದಿಂದ ಸೊರಗಿದ್ದೇ. ಜೊತೆಗೆ ನರೇಗಲ್ಲಿನ ಮಾನವ್ವ, ಅವಳ ಹರೆಯದ ಮಗಳು ದೇವಿಕಾ. ಅನ್ನಪೂರ್ಣಕ್ಕನ ಜೊತೆ ಅವರ ಮಾತು ನಡೆದದ್ದು ಇಷ್ರತಳ ಬೆನ್ನ ಹಿಂದೆಯೇ, ಯಾರ ಹಂಗೂ ಇಲ್ಲದೆ, ಗಟ್ಟಿಯಾಗಿ.

"ಅಕ್ಕಾರ, ಹುಟ್ಟಾ ಕಿವಿ ಕೇಳೂದಿಲ್ರಿ ಇಕಿಗೆ," ಎಂದಳು ಮಾನವ್ವ. "ರೊಟ್ಟಿ ಮಾತ್ರ ಕಾಗದದ ಹಾಳಿ ಹಂಗ ಬಡೀತಾಳ."

"ಒಲಿ ಖಾಲಿ ಇಲ್ಲವಾ. ಇದ್ದೂವೆಲ್ಲಾ ತುಂಬ್ಯಾವ."

"ಏನ್ ಅಕ್ಕಾರ," ರಾಯಣ್ಣ ಕೆಣಕಿದ, "ನಿಮ್ಮ ರೊಟ್ಟಿ ಇಷ್ಟು ತೆಳ್ಳಗ, ಮನಸ್ಸು ಮಾತ್ರ ಇಷ್ಟು ದಪ್ಪ?"

"ಮನಸ್ಸ ಬಡದು ಅಗಲ ಮಾಡಬಹುದೋ ರಾಯಣ್ಣ. ಒಲಿ ಹ್ಯಾಂಗ ಅಗಲ ಮಾಡ್ಲಿ?"

ಮಾನವ್ವನ ದನಿ ಕುಸಿಯಿತು. "ನಿನ್ನೆ ಬಾವಿ ಕಟ್ಟಿ ಮ್ಯಾಲ ಕಾಲ ಇಳಿಬಿಟ್ಟ ಕುಂತಿದ್ಲರಿ. ಎಳಕೊಂಡ ಬಂದೇನಿ. ನಾಳೆ ನಾ ಕೂಲಿಗೆ ಹ್ವಾದ್ರ ಯಾರ ಎಳೀತಾರ್ರಿ?"

ಇಷ್ರತಳ ಕೈಯಲ್ಲಿದ್ದ ರೊಟ್ಟಿ ನಡುವೆ ಹರಿಯಿತು. ಅವಳು ಅದನ್ನು ಮತ್ತೆ ಮುದ್ದೆ ಮಾಡಿ ನಾದತೊಡಗಿದಳು.

ಅಷ್ಟರಲ್ಲಿ ಮಸೀದಿಯಿಂದ ಮಧ್ಯಾಹ್ನದ ಬಾಂಗು ತೇಲಿ ಬಂತು. ಬಾಂಗಿಗೆ ತಲೆ ಮುಚ್ಚಿಕೊಳ್ಳುವುದು ತಾಯಿ ಕಲಿಸಿದ ರೂಢಿ. ಹಿಟ್ಟು ಮೆತ್ತಿದ ಕೈ ತಾನಾಗಿ ಏರಿ, ಹೆಗಲಿಗೆ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆಯಿತು. ಅಲ್ಲೇ ನಿಂತುಬಿಟ್ಟಿತು.

ಅನ್ನಪೂರ್ಣಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಕಾಶೀಂಸಾಬನ ಮಂಚ ಅವಳಿಗೂ ಗೊತ್ತಿತ್ತು. ಮೆಲ್ಲಗೆ ಮುಖ ಆಚೆ ತಿರುಗಿಸಿ ಮಾನವ್ವನಿಗೆ ಹೇಳಿದಳು, "ಇಲ್ಲ ಅಂದ್ನಲ್ಲವಾ. ಹೋಗಿ ಬರ್ರಿ."

ಮಾನವ್ವ ಮಗಳ ರಟ್ಟೆ ಹಿಡಿದು ಬಾಗಿಲ ಕಡೆ ನಡೆದಳು. ಅಲ್ಲಿಗೆ ಎಲ್ಲ ಮುಗಿದಿತ್ತು. ಇಷ್ರತ ಸುಮ್ಮನೆ ಕೂತಿದ್ದರೆ ಸಾಕಿತ್ತು. ಸುಮ್ಮನೆ ಕೂರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಬಾಂಗು ಮುಗಿಯುವವರೆಗೆ ಕೂತಿದ್ದಳು. ಆಮೇಲೆ ಎದ್ದಳು. ಹಿಟ್ಟು ತಾಗದಂತೆ ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಹೊಸ್ತಿಲ ಬಳಿ ಹೋಗಿ, ದೇವಿಕಾಳ ಸೊಂಟಕ್ಕೆ ಬಿಗಿದಳು. ಹುಡುಗಿಯ ಕೈ ತಣ್ಣಗಿತ್ತು. ಹಿಡಿದು ಕರೆತಂದು ತನ್ನ ಮಣೆಯ ಮೇಲೆ ಕೂರಿಸಿ, ನಾದಿದ ಹಿಟ್ಟನ್ನು ಮುಂದಿಟ್ಟಳು.

"ಇದೇನ ಮಾಡಾಕತ್ತಾಳ್ರಿ ಈಕಿ?" ರಾಯಣ್ಣ ಅವಳ ಬೆನ್ನ ಹಿಂದೆ ಅನ್ನಪೂರ್ಣಕ್ಕನನ್ನು ಕೇಳಿದ.

"ಈ ಒಲಿ ಇಕೀದ ಐತ್ರಿ ಅಣ್ಣಾ," ತಿರುಗದೆಯೇ ಇಷ್ರತ ಉತ್ತರಿಸಿದಳು. "ಕಿವಿ ಕೇಳದವರ ಸಲುವಾಗಿ ಇರೂ ಈ ಕೇಂದ್ರದೊಳಗ ಕಿವಿ ಕೇಳೂದು ನನಗೊಬ್ಬಾಕಿಗೆ."