ಕಾಟಯ್ಯನ ಬೆನ್ನು

“ಷರ್ಟು ಬಿಚ್ಚಿ ಬೋರಲು ಮಲಕ್ಕ,” ಎನ್ನುತ್ತ ಡಾಕ್ಟರ್ ಚಿತ್ರಲಿಂಗಪ್ಪ ತನ್ನ ಶಾಪಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಏಪ್ರಿಲ್ಲಿನ ಮಧ್ಯಾಹ್ನ. ದುರ್ಗದ ಬಂಡೆಗಳ ಕಾವೆಲ್ಲ ಆ ಪುಟ್ಟ ಕೋಣೆಗೇ ಬಂದು ಸೇರಿತ್ತು.

ಮಲಗಿದವನೂ ಡಾಕ್ಟರೇ, ಅದೂ ಇವನಂತೆಯೇ ಚರ್ಮದ ಡಾಕ್ಟರು. ಹಿರಿಯೂರಿನಲ್ಲಿ ಶಾಪು ಇಟ್ಟಿದ್ದ ಕಾಟಯ್ಯ. ಊರವರ ಕಜ್ಜಿ, ಗಜಕರ್ಣ ಎಲ್ಲ ನೋಡುವವನಿಗೆ ತನ್ನ ಬೆನ್ನು ತನಗೆ ಕಾಣದು. ಭಾನುವಾರ ಎಣ್ಣೆನೀರು ಹಾಕಿ ಬೆನ್ನುಜ್ಜುತ್ತಿದ್ದ ಹೆಂಡತಿ ಜುಂಜಮ್ಮ, “ಇದೇನ್ರೀ, ಸೊಂಟದ ಮೇಲೆ ಬೆಳ್ಳಗಾಗೈತೆ,” ಅಂದಿದ್ದಳು. ಎರಡು ಕನ್ನಡಿ ಹಿಡಿದು ನೋಡಿಕೊಂಡ. ಕನ್ನಡಿ ಬಣ್ಣ ತೋರಿಸಿತೇ ಹೊರತು, ಅಲ್ಲಿ ಸ್ಪರ್ಶ ಇದೆಯೋ ಇಲ್ಲವೋ ಹೇಳಲಿಲ್ಲ. ತಾನೇ ಮುಟ್ಟಿಕೊಂಡರೆ ತಾಗಿದ್ದು ಬೆರಳಿಗೋ ಬೆನ್ನಿಗೋ ತಿಳಿಯದು. ಸ್ಪರ್ಶವಿಲ್ಲದ ಬಿಳಿ ಮಚ್ಚೆ ಅಂದರೆ ಕುಷ್ಠ. ಕುಷ್ಠ ಅಂದರೆ ಕುವೈತಿನ ವೀಸಾಕ್ಕೆ ಎಳ್ಳುನೀರು. ಬೊಂಬಾಯಿಯಲ್ಲಿ ಬರುವ ಸೋಮವಾರವೇ ಮೈ ಪರೀಕ್ಷೆ ಇತ್ತು.

ಆ ಕುವೈತಿನ ಕೆಲಸಕ್ಕೆ ಚಿತ್ರಲಿಂಗಪ್ಪನೂ ಬೊಂಬಾಯಿಗೆ ಹೋಗಿ ಬಂದಿದ್ದ. ಅವರಿಗೆ ಬೇಕಾಗಿದ್ದದ್ದು ಒಬ್ಬನೇ ಚರ್ಮದ ಡಾಕ್ಟರು. ವೀಸಾ, ವಿಮಾನ, ಮನೆ ಎಲ್ಲ ಅವರದ್ದೇ. ಸಂದರ್ಶನದಲ್ಲಿ ಅರಬ್ಬರ ದೊಡ್ಡ ಅಧಿಕಾರಿ ನಿಮ್ಮ ತಂದೆ ಏನು ಮಾಡುತ್ತಾರೆಂದು ಕೇಳಿದ. ಚಿತ್ರಲಿಂಗಪ್ಪ ಟೈ ಸರಿಮಾಡಿಕೊಂಡು, ಜಮೀನ್ದಾರರು ಅಂದುಬಿಟ್ಟ. ಕಾಟಯ್ಯ ಮಾತ್ರ, ಕುರಿ ಕಾಯ್ತಾರೆ ಅಂದ. ಆ ಅಧಿಕಾರಿಯ ಅಪ್ಪನೂ ಕುರಿ ಕಾಯ್ದವನೇ. ಆಮೇಲೆ ಅವರಿಬ್ಬರೂ ಚರ್ಮದ ಮಾತು ಬಿಟ್ಟು ಕುರಿಯ ಮಾತಿಗೇ ಕೂತರಂತೆ. ಕಾಟಯ್ಯನಿಗೆ ಕೆಲಸ ಸಿಕ್ಕಿತು. ಅವನು ಬರದಿದ್ದರೆ ಚಿತ್ರಲಿಂಗಪ್ಪ ಎಂದು ತೀರ್ಮಾನವಾಯಿತು. ಅಂದಿನಿಂದ ಚಿತ್ರಲಿಂಗಪ್ಪನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಇಬ್ಬರೂ ಜೊತೆಗೆ ಬೆಳೆದ ತಾಳ್ಯದಲ್ಲಿ ತನ್ನಪ್ಪನ ಕುರಿಗಳು ಕಾಟಯ್ಯನಪ್ಪನ ಕುರಿಗಳಿಗಿಂತ ಹೆಚ್ಚೇ ಇದ್ದವಲ್ಲ! ಎಲ್ಲ ಉರಿಗೂ ಮುಲಾಮು ಬರೆದುಕೊಡುವವನ ಬಳಿ ಈ ಹೊಟ್ಟೆಯುರಿಗೆ ಮುಲಾಮಿರಲಿಲ್ಲ.

“ಸಂತೇಲಿ ನಮ್ಮಪ್ಪಂದಿರು ಬೆನ್ನು ಮುಟ್ಟಿ ಕುರಿ ಹೆಂಗೈತೆ ಅಂತ ಹೇಳ್ತಿದ್ರಲ್ಲ, ಹಂಗೆ ಮುಟ್ಟಿ ಹೇಳ್ಬಿಡಪ್ಪ,” ಎಂದು ನಗಲು ನೋಡಿದ ಕಾಟಯ್ಯ. ನಗು ಬರಲಿಲ್ಲ. “ಭಾನುವಾರದಿಂದ ಮಗೂನ ಎತ್ಕಂಡಿಲ್ಲ ಕಣೋ. ಬ್ಯಾರೆ ಯಾರಿಗೂ ತೋರ್ಸಿಲ್ಲ. ನಿನ್ನ ಬಿಟ್ರೆ ನಂಗ್ಯಾರು ಅವರೆ?”

ಚಿತ್ರಲಿಂಗಪ್ಪ ಬಗ್ಗಿ ಉಗುರಿನಿಂದ ಮೆಲ್ಲಗೆ ಕೆರೆದ. ತವುಡಿನಂತೆ ಸಣ್ಣ ಪುಡಿ ಎದ್ದಿತು. ಅವನಿಗೆ ಆಗಲೇ ಗೊತ್ತಾಯಿತು. ಬೇಸಿಗೆಯ ಬೆವರಿಗೆ ಊರಿಗೆಲ್ಲ ಆಗುವ ಚಿಬ್ಬು. ಹದಿನೈದು ದಿನ ಮುಲಾಮು ಹಚ್ಚಿದರೆ ಹೋಗುವಂಥದ್ದು. ‘ಚಿಬ್ಬು ಕಣೋ, ಎದ್ದೇಳು’ ಎಂಬ ಮಾತು ನಾಲಿಗೆಯವರೆಗೆ ಬಂತು. ಅಲ್ಲೇ ನಿಂತಿತು.

ಅವನು ಹತ್ತಿಯ ಎಳೆಯೊಂದನ್ನು ಹೊಸೆದು, ಗಾಳಿಗೆ ಅಲುಗಬಾರದೆಂದು ಫ್ಯಾನು ನಿಲ್ಲಿಸಿದ. ಮೊದಲು ಭುಜಕ್ಕೆ ಮುಟ್ಟಿಸಿದ.

“ತಾಗ್ತಾ?”

“ತಾಗ್ತು.”

ಆಮೇಲೆ ಹತ್ತಿಯನ್ನು ಮಚ್ಚೆಯ ಮೇಲೆ, ಒಂದು ಗೇಣು ಎತ್ತರದಲ್ಲಿ, ಸುಮ್ಮನೆ ಹಿಡಿದ. “ಈಗ?”

“ಇಲ್ಲ.”

“ಈಗ?”

“ಇಲ್ಲಪ್ಪ.” ಕಾಟಯ್ಯನ ದನಿ ಇಳಿಯಿತು. “ಸರಿಯಾಗಿ ಮುಟ್ಟಿದ್ಯಾ?”

“ಮುಟ್ಟಿದೀನಲ್ಲ.”

ಕಾಟಯ್ಯ ದಿಂಬಿಗೆ ಮುಖ ಒತ್ತಿಕೊಂಡ. ಬೆನ್ನು ಒಂದೆರಡು ಸಲ ಏರಿ ಇಳಿಯಿತು. ಚಿತ್ರಲಿಂಗಪ್ಪನಿಗೆ ಒಳಗೊಳಗೇ ಹಿಗ್ಗಾಯಿತು, ನಿಜ. ಕುವೈತಿನ ಮನೆ, ಕಾರು ಎಲ್ಲ ಕಣ್ಣ ಮುಂದೆ ಬಂದವು. ಆದರೆ ಆ ಬೆನ್ನಿನಿಂದ ಕಣ್ಣು ಆಚೆ ತಿರುಗಿಸಿದ.

“ಹಂಗಾರೆ ನೀನೇ ಹೋಗಿ ಬಾರಪ್ಪ ಕುವೈತಿಗೆ,” ಅಂದ ಕಾಟಯ್ಯ, ದಿಂಬಿನೊಳಗಿಂದಲೇ. “ಬ್ಯಾರೆ ಯಾರೋ ಹೋಗೋಕಿಂತ ನೀನು ಹೋದ್ರೆ ನಂಗೆ ಸಮಾಧಾನ. ನಾನೇ ಅವರಿಗೆ ಕಾಗದ ಬರೀತೀನಿ. ಇನ್ನೊಂದೇ ಒಂದ್ಸಲ ನೋಡ್ಬಿಡು, ಲಿಂಗಪ್ಪ.”

ಚಿತ್ರಲಿಂಗಪ್ಪ ಮತ್ತೆ ಬಗ್ಗಿದ. ಫ್ಯಾನಿಲ್ಲದ ಕೋಣೆ, ಹಣೆಯಿಂದ ಬೆವರು ಇಳಿಯುತ್ತಿತ್ತು. ಹತ್ತಿ ಅದೇ ಒಂದು ಗೇಣು ಮೇಲೆ. ಬಾಯಿ ತೆರೆದು ‘ಈಗ?’ ಅನ್ನಬೇಕು, ಅಷ್ಟರಲ್ಲಿ ಮೂಗಿನ ತುದಿಯಿಂದ ಒಂದು ಹನಿ ಕಳಚಿ ಬಿತ್ತು.

“ತಾಗ್ತು!” ಕಾಟಯ್ಯನ ಕೈ ಹಿಂದಕ್ಕೆ ಬಂದು, ನೋಡದೆಯೇ, ಮಚ್ಚೆಯ ನಟ್ಟನಡುವೆ ಬೆರಳಿಟ್ಟಿತು. “ಇಲ್ಲಿ, ಇಲ್ಲೇ ತಾಗ್ತು ಕಣೋ.”

ಅವನು ಧಡಕ್ಕನೆ ಎದ್ದು ಕೂತ. ಮುಖವೆಲ್ಲ ನಗು. ಬೆರಳು ಒದ್ದೆಯಾಗಿದ್ದದ್ದನ್ನು ನೋಡಿದ. ಚಿತ್ರಲಿಂಗಪ್ಪನ ಕೈಯಲ್ಲಿದ್ದ ಹತ್ತಿಯನ್ನು ನೋಡಿದ. ಅದು ಒಣಗಿಯೇ ಇತ್ತು. ನಗು ಹಾಗೇ ಸ್ವಲ್ಪ ಹೊತ್ತು ಇದ್ದು, ಆಮೇಲೆ ಹೋಯಿತು.

ಎದ್ದು ಷರ್ಟು ತೊಟ್ಟುಕೊಂಡ. ಗುಂಡಿಗಳನ್ನೆಲ್ಲ ಹಾಕಿಕೊಂಡು ಚಿಲಕ ತೆಗೆದ. ಏನೋ ನೆನಪಾದವನಂತೆ ತಿರುಗಿ ಬಂದು ಫ್ಯಾನಿನ ಸ್ವಿಚ್ಚು ಹಾಕಿದ.

“ನಂಗೇನೂ ಆಗಿಲ್ಲ ಲಿಂಗಪ್ಪ,” ಅಂದ. “ನೀನು ಯಾರಿಗಾದ್ರೂ ತೋರಿಸ್ಕ.”