ಅತ್ತೆಯ ಗರ್ಭಕೋಶ

ಬೆನ್ನು ಬಾಗಿಸಿ ಕುಳಿತ ಶಶಿಕಲಾಳಿಗೆ ಅರಿವಳಿಕೆ ಕೊಡಲು ಡಾಕ್ಟರ್ ಸುಲೋಚನಾ ಸೂಜಿಗೆ ಜಾಗ ಹುಡುಕುತ್ತಿದ್ದಳು. ಗರ್ಭಕೋಶ ಎರವಲು ಕೊಟ್ಟವರು ಹೆರಿಗೆಯಲ್ಲಿ ಹಾಜರಿರುವುದು ವಾಡಿಕೆ. ಹಾಗಾಗಿ ಅತ್ತೆ ನೀಲವ್ವ ಸ್ಟೂಲಿನ ಮೇಲೆ ಪ್ರತಿಷ್ಠಾಪನೆಯಾಗಿದ್ದಳು.

“ಕೂಸು ತಗದ ಕೂಡ್ಲೆ ನನ್ನ ಗರ್ಭಕೋಶಾನೂ ತಗೀರಿ ಡಾಕ್ಟರಮ್ಮ. ಅದನ್ನ ಹಾಕಿಸ್ಕೊಳ್ಳಾಕ ನನ್ನ ಮಗಳು ಹೊರಗ ಕಾಯಾಕತ್ಯಾಳ.”

“ಅತ್ತೀ, ನನಗ ಇನ್ನೊಂದು ಕೂಸು ಬೇಕ್ರೀ,” ಎಂದಳು ಶಶಿಕಲಾ.

“ಇಸ್ಕೊಂಡ ಕುಕ್ಕರ್ ವಾಪಸ್ ಕೇಳಿದಾಗ ನೋಡು, ಎಲ್ಲಾರಿಗೂ ಇನ್ನೊಮ್ಮಿ ಅನ್ನ ಮಾಡೂ ಆಸಿ!”

ಸುಲೋಚನಾ ನಕ್ಕುಬಿಟ್ಟಳು. ಅವಳ ಕೈಕೆಳಗಿನ ಬೆನ್ನು ಮಾತ್ರ ಬಿಕ್ಕುತ್ತಿತ್ತು.

ನಿಯಮದ ಪ್ರಕಾರ, ಹೆರಿಗೆಯ ದಿನ ತೆಗೆಯದ ಗರ್ಭಕೋಶವನ್ನು ಎರಡು ವರ್ಷ ಮುಟ್ಟುವಂತಿರಲಿಲ್ಲ. ಸಿರಿಂಜಿನಲ್ಲಿ ಮಗುವನ್ನೂ ಗರ್ಭಕೋಶವನ್ನೂ ತೆಗೆಯಲು ಆಗುವಷ್ಟು ಔಷಧಿಯಿತ್ತು. ಸುಲೋಚನಾ ಮಗು ಹೊರಬರಲು ಸಾಕಾಗುವಷ್ಟನ್ನೇ ಒಳಗೆ ಬಿಟ್ಟು, ಉಳಿದದ್ದನ್ನು ಯಾರಿಗೂ ಹೇಳದೆ ಕಸದ ಡಬ್ಬಿಗೆ ಹಾಕಿದಳು.